ಕಾವಲು ಕಪ್ಪಾಗಿದೆ, ಕೆಳಗೆ ಏನಾಗಿದೆ?

ಪ್ರಶ್ನೆ: ನಮ್ಮದು ಕಡೂರು ತಾಲ್ಲೂಕಿನ ಒಂದು ಹಳ್ಳಿ. ಊರ ಪಕ್ಕದಲ್ಲೇ ಅಮೃತ ಮಹಲ್ ಕಾವಲು, ಅಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲು, ಇದೆ. ಶಿವರಾತ್ರಿ ಆಸುಪಾಸಿನಲ್ಲಿ ಹೆಚ್ಚೂಕಡಿಮೆ ಪ್ರತಿ ವರ್ಷ ಅದಕ್ಕೆ ಬೆಂಕಿ ಬೀಳುತ್ತದೆ. ಯಾರು ಹಚ್ಚುತ್ತಾರೋ ಗೊತ್ತಿಲ್ಲ. "ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರುತ್ತೆ, ಚಿಕ್ಕವನಿದ್ದಾಗಿಂದ ನೋಡಿದ್ದೀನಿ" ಅಂತಾರೆ ನಮ್ಮಪ್ಪ. ಪಿಯುಸಿ ಓದುವ ಮಗಳು "ಬೇರು ಸುಟ್ಟುಹೋಗುತ್ತೆ, ಮಣ್ಣಿನ ಕಾರ್ಬನ್ ಎಲ್ಲ ಗಾಳಿಗೆ ಹೋಗುತ್ತೆ" ಅಂತ ತಾತನ ಹತ್ತಿರ ವಾದಕ್ಕೆ ನಿಲ್ಲುತ್ತಾಳೆ. ಈ ನಡುವೆ ಯಾರೋ ಬಂದು, ಬೆಂಕಿ ನಿಲ್ಲಿಸಿ ಕಾವಲಿನಲ್ಲಿ ಗಿಡ ನೆಟ್ಟರೆ, ಗಾಳಿಯ ಕಾರ್ಬನ್ ಹಿಡಿದಿಟ್ಟಿದ್ದಕ್ಕೆ ಅಂತ ಊರಿಗೆ ಕಾರ್ಬನ್ ದುಡ್ಡು ಬರುತ್ತೆ ಅಂತ ಹೇಳಿ ಹೋದರು. ಯಾರ ಮಾತು ಸರಿ ಸಾರ್? ಇನ್ನೊಂದು ಸಣ್ಣ ಪ್ರಶ್ನೆ: ಅಲ್ಲಿ ಬಿದ್ದಿರುವ ಬೂದಿ ಗೋರಿ ತಂದು ತೆಂಗಿಗೆ ಹಾಕಬಹುದಾ?

ಉತ್ತರ: ನಿಮ್ಮ ತಂದೆಯವರ ಮಾತು ಮುಕ್ಕಾಲು ಸರಿ. ಮಗಳ ಮಾತು ಕಾಲು ಸರಿ, ಆದರೆ ಆ ಕಾಲು ಭಾಗವನ್ನು ತಾತ ಕೇಳಿಸಿಕೊಳ್ಳಲೇಬೇಕು. ಗಿಡದ ದುಡ್ಡಿನವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ನೆಲದ ಕೆಳಗೆ ಇಳಿಯಬೇಕು.

ಮೊದಲು ಬೇರಿನ ಮಾತು. ಕೆಲವು ವರ್ಷಗಳ ಹಿಂದೆ ನಮ್ಮಣ್ಣನ ಹೊಲದ ಬದುವಿನ ಮೇಲೆ ಎದೆಮಟ್ಟದ ಹುಲ್ಲು ಒಣಗಿ ನಿಂತಿತ್ತು. ಅಣ್ಣ ಅದನ್ನು ಸುಡುವವನಿದ್ದ. ನನಗೆ ಒಂದು ಕುತೂಹಲ. ಅಂಗಡಿಯಿಂದ ಒಂದು ಪ್ಯಾಕೆಟ್ ಮೇಣದ ಬತ್ತಿ ತಂದು ಬೆರಳ ಗೆಣ್ಣಿನಷ್ಟು ತುಂಡು ಮಾಡಿದೆ. ಒಂದನ್ನು ಮಣ್ಣಿನ ಮೇಲೇ ಇಟ್ಟೆ. ಒಂದನ್ನು ಅರ್ಧ ಇಂಚು ಕೆಳಗೆ, ಇನ್ನೊಂದನ್ನು ಒಂದು ಇಂಚು, ಮತ್ತೊಂದನ್ನು ಎರಡು ಇಂಚು ಕೆಳಗೆ ಹೂತೆ. ಮೇಣ ಕರಗುವುದು ಸುಮಾರು 55ರಿಂದ 60 ಡಿಗ್ರಿಗೆ. ಬೇರಿನ ಜೀವಕೋಶಗಳು ನಿಮಿಷದೊಳಗೆ ಸಾಯುವುದೂ 60 ಡಿಗ್ರಿ ಆಸುಪಾಸಿನಲ್ಲೇ. ಅಂದರೆ ಮೇಣ ಉಳಿದಿದ್ದರೆ ಬೇರೂ ಉಳಿದಿದೆ ಅಂತ ಲೆಕ್ಕ.

ಬೆಂಕಿ ಬಂತು, ಉರಿ ನನ್ನ ತಲೆಗಿಂತ ಮೇಲೆ ಹೋಯಿತು, ಒಂದು ನಿಮಿಷದೊಳಗೆ ಮುಂದಕ್ಕೆ ಹೋಗಿಯೂ ಆಯಿತು. ಹೊಗೆ ಆರಿದ ಮೇಲೆ ಅಗೆದು ನೋಡಿದೆವು. ಮೇಲಿದ್ದ ತುಂಡಿನ ಗುರುತೇ ಇಲ್ಲ. ಅರ್ಧ ಇಂಚಿನದು ಅಂಚಿನಲ್ಲಿ ಸ್ವಲ್ಪ ಮೆತ್ತಗಾಗಿತ್ತು. ಒಂದು ಇಂಚಿನದೂ ಎರಡು ಇಂಚಿನದೂ ಅಂಗಡಿಯಿಂದ ತಂದ ಹಾಗೇ ಇದ್ದವು. ಅಣ್ಣ ನಕ್ಕು, "ಇದಕ್ಕೆ ನೀನು ಅಷ್ಟೊಂದು ಓದಬೇಕಿತ್ತಾ?" ಅಂದ.

ಆದರೆ ಅದೇ ಬದುವಿನ ತುದಿಯಲ್ಲಿ ಒಂದು ಹಳೇ ಜಾಲಿ ಬೊಡ್ಡೆ ಬಿದ್ದಿತ್ತು. ಅದು ಹತ್ತಿಕೊಂಡು ರಾತ್ರಿಯೆಲ್ಲ ಒಳಗೊಳಗೇ ಬೇಯುತ್ತಾ ಇತ್ತು. ಮಾರನೇ ದಿನ ಅಲ್ಲಿ ಅಗೆದರೆ ಮಣ್ಣು ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಗೇಣು ಆಳದಲ್ಲೂ ಕೈಗೆ ಬಿಸಿ ಹತ್ತುತ್ತಿತ್ತು. ಎರಡು ಮಳೆಗಾಲ ಕಳೆದರೂ ಆ ಜಾಗದಲ್ಲಿ ಗರಿಕೆ ಕೂಡ ಹುಟ್ಟಲಿಲ್ಲ.

ಎರಡೂ ಒಂದೇ ದಿನದ ಬೆಂಕಿ. ವ್ಯತ್ಯಾಸ ಇರುವುದು ಉರಿಯ ಎತ್ತರದಲ್ಲಿ ಅಲ್ಲ, ಅದು ನಿಂತ ಹೊತ್ತಿನಲ್ಲಿ. ಹುಲ್ಲಿನ ಬೆಂಕಿ ಓಡುವ ಬೆಂಕಿ. ಮೇಲೆ ನಾನೂರು ಐನೂರು ಡಿಗ್ರಿ ಇದ್ದರೂ ಒಂದು ಜಾಗದಲ್ಲಿ ನಿಲ್ಲುವುದೇ ಇಲ್ಲ. ಮಣ್ಣಿಗೆ ಶಾಖವನ್ನು ಬೇಗ ಕೆಳಗೆ ಸಾಗಿಸುವ ಗುಣವೂ ಇಲ್ಲ. ಸ್ವಲ್ಪ ತೇವ ಇದ್ದರಂತೂ ಆ ನೀರು ಆವಿಯಾಗಿ ಮುಗಿಯುವವರೆಗೆ ಮಣ್ಣು 100 ಡಿಗ್ರಿ ದಾಟುವುದಿಲ್ಲ. ಅಷ್ಟರಲ್ಲಿ ಬೆಂಕಿ ಪಕ್ಕದ ಊರಿನ ಗಡಿಗೆ ಹೋಗಿರುತ್ತದೆ!

ಇನ್ನು ಹುಲ್ಲಿನ ಉಪಾಯ ನೋಡಿ. ಸುಟ್ಟ ಕಾವಲಿನಲ್ಲಿ ಒಂದು ಹುಲ್ಲಿನ ಬುಡ ಹಿಡಿದು ಬಗ್ಗಿಸಿ ನೋಡಿ. ಮೇಲೆ ಕರಿ ಕುಚ್ಚು, ಹಲ್ಲುಜ್ಜಿ ಸವೆದ ಬ್ರಷ್ಷಿನ ಹಾಗೆ. ಬೆರಳಿನಿಂದ ಬಿಡಿಸುತ್ತಾ ಹೋದರೆ ಹಳೇ ಎಲೆಯ ಪೊರೆ ಒಂದರ ಮೇಲೊಂದು ಈರುಳ್ಳಿಯಂತೆ ಸುತ್ತಿಕೊಂಡಿರುತ್ತದೆ. ಎಲ್ಲಕ್ಕಿಂತ ಒಳಗೆ, ಮಣ್ಣಿನ ಮಟ್ಟಕ್ಕೋ ಅದಕ್ಕಿಂತ ಕೊಂಚ ಕೆಳಗೋ, ಬಿಳೀ ಚಿಗುರುಗಣ್ಣು ಇರುತ್ತದೆ. ಕಬ್ಬಿನ ಗೆಣ್ಣಿನಲ್ಲಿ ಕಣ್ಣು ಇರುತ್ತದಲ್ಲ, ಅದೇ ಜಾತಿ. ಹೊರಗಿನ ಪೊರೆ ಸುಟ್ಟು ಒಳಗಿನ ಕಣ್ಣನ್ನು ಉಳಿಸುತ್ತದೆ. ಪಂಚೆಗೆ ಚುಚ್ಚಿಕೊಂಡು ಪ್ರಾಣ ತೆಗೆಯುವ ಆ ಮುಳ್ಳುಹುಲ್ಲಿನ ಬೀಜವೂ ಸುಮ್ನೆ ಚುಚ್ಚುವುದಿಲ್ಲ. ಅದರ ಬಾಲ ಒಣಗಿದಾಗ ತಿರುಚಿಕೊಂಡು, ತೇವಕ್ಕೆ ಬಿಚ್ಚಿಕೊಳ್ಳುತ್ತಾ ಬೀಜವನ್ನು ಬೈರಿಗೆಯಂತೆ ಮಣ್ಣಿನೊಳಗೆ ಕೊರೆದು ಇಳಿಸುತ್ತದೆ. ಬೆಂಕಿ ಬರುವ ಹೊತ್ತಿಗೆ ಅದು ಮನೆ ಸೇರಿರುತ್ತದೆ.

ಮರಗಳದ್ದು ಬೇರೆ ದಾರಿ. ಕಾವಲಿನಲ್ಲಿ ಮೊಣಕಾಲೆತ್ತರದ ಮುತ್ತುಗದ ಗಿಡ ನೋಡಿ "ಎರಡು ವರ್ಷದ ಸಸಿ" ಅಂದುಕೊಂಡರೆ ಮೋಸ ಹೋಗುತ್ತೀರಿ. ಪಕ್ಕದಲ್ಲಿ ಅಗೆದು ನೋಡಿದರೆ ಮೇಲೆ ಹೆಬ್ಬೆಟ್ಟು ಗಾತ್ರದ ಕಾಂಡ, ಕೆಳಗೆ ತೋಳು ಗಾತ್ರದ ಬೇರು. ಹತ್ತಿಪ್ಪತ್ತು ವರ್ಷದಿಂದ ಪ್ರತಿ ಬೇಸಿಗೆ ತಲೆ ಸುಟ್ಟುಕೊಂಡು, ಪ್ರತಿ ಮಳೆಗಾಲ ಮತ್ತೆ ಚಿಗುರಿ, ಗಳಿಸಿದ್ದನ್ನೆಲ್ಲ ಕೆಳಗೆ ಕೂಡಿಡುತ್ತಾ ಬಂದ ಗಿಡ ಅದು. ಎಲಚಿಯೂ ಹೀಗೇ. ನಾಲ್ಕೈದು ವರ್ಷ ಬೆಂಕಿ ಬೀಳದಿದ್ದರೆ ಒಂದೇ ಉಸಿರಿಗೆ ಉರಿ ಮುಟ್ಟದ ಎತ್ತರಕ್ಕೆ ಎದ್ದುಬಿಡುತ್ತದೆ. ಆಮೇಲೆ ಅದು ಮರ. ಬ್ರೆಜಿಲ್ ದೇಶದಲ್ಲಿ ಸೆರಾಡೋ ಅನ್ನುವ ದೊಡ್ಡ ಸವನ್ನಾ ಇದೆ. ಅಲ್ಲಿಯವರು ಅದನ್ನು ತಲೆಕೆಳಗಾದ ಕಾಡು ಅಂತಲೇ ಕರೆಯುತ್ತಾರೆ, ಮರದ ಹೆಚ್ಚಿನ ಭಾಗ ನೆಲದೊಳಗೇ ಇರುವುದರಿಂದ.

ಸವನ್ನಾ ಅಂದೆ. ಆ ಪದ ಕೇಳಿದರೆ ನಮಗೆ ಆಫ್ರಿಕಾ, ಜಿರಾಫೆ, ಸಿಂಹ ನೆನಪಾಗುತ್ತವೆ, ಅಲ್ವಾ? ಹುಲ್ಲು ಹಾಸಿ, ನಡುನಡುವೆ ಬಿಡಿ ಮರ ನಿಂತು, ವರ್ಷದಲ್ಲಿ ಏಳೆಂಟು ತಿಂಗಳು ಒಣಗಿರುವ ಯಾವ ನೆಲವೂ ಸವನ್ನಾವೇ. ನಿಮ್ಮ ಕಾವಲೂ ಸವನ್ನಾ. ನಮ್ಮ ದಾಖಲೆಗಳಲ್ಲಿ ಮಾತ್ರ ಅದು ಒಮ್ಮೆ 'ಕುರುಚಲು ಕಾಡು', ಒಮ್ಮೆ 'ಪಾಳು ಭೂಮಿ'. ಇಲ್ಲಿ ಕಾಡು ಇತ್ತು, ಜನ ಕಡಿದು ಸುಟ್ಟು ಹಾಳು ಮಾಡಿದರು ಅನ್ನುವ ಭಾವನೆ ಬ್ರಿಟಿಷರ ಕಾಲದಿಂದ ಬಂದಿದೆ. ಪೂರ್ತಿ ನಿಜ ಅಲ್ಲ. ಬಿಸಿಲ ನಾಡಿನ ಈ ಹುಲ್ಲುಗಳು ಸುಮಾರು 70 ಲಕ್ಷ ವರ್ಷಗಳ ಹಿಂದೆಯೇ ನಮ್ಮ ಉಪಖಂಡದಲ್ಲಿ ಹರಡಿದ್ದವು ಅನ್ನುವುದಕ್ಕೆ ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟಗಳ ಹಳೇ ಮಣ್ಣಿನಲ್ಲಿ ಸಾಕ್ಷಿ ಸಿಕ್ಕಿದೆ. ಆಗ ಬೆಂಕಿಪೊಟ್ಟಣ ಹಿಡಿದ ಮನುಷ್ಯನೇ ಇರಲಿಲ್ಲ.

ಮಣ್ಣು ಇಷ್ಟು ಹಳೇ ಕಥೆ ಹೇಗೆ ಹೇಳುತ್ತದೆ ಅಂದರೆ, ಇಂಗಾಲದಲ್ಲಿ ಹಗುರ ಮತ್ತು ಭಾರ ಅಂತ ಎರಡು ಬಗೆ ಇವೆ. ಬಿಸಿಲ ಹುಲ್ಲು, ಜೋಳ, ರಾಗಿ, ಕಬ್ಬು ಒಂದು ರೀತಿಯಲ್ಲಿ ಇವನ್ನು ಬೆರೆಸಿಕೊಳ್ಳುತ್ತವೆ. ಮರಗಳು, ಭತ್ತ ಇನ್ನೊಂದು ರೀತಿಯಲ್ಲಿ. ಆ ಗುರುತು ಗಿಡ ಕೊಳೆತ ಮೇಲೂ ಮಣ್ಣಿನಲ್ಲಿ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಇದೇ ಗುರುತು ಹಿಡಿದು ನೀಲಗಿರಿಯ ಜೌಗು ಮಣ್ಣಿನಲ್ಲಿ 20 ಸಾವಿರ ವರ್ಷಗಳ ಹವಾಮಾನವನ್ನು ಓದಿದರು. ಹುಲ್ಲುಗಾವಲು ಯಾವಾಗ ಹಿಗ್ಗಿತು, ಕಾಡು ಯಾವಾಗ ಮುಂದೆ ಬಂತು ಅನ್ನುವುದೆಲ್ಲ ಅದರಲ್ಲಿದೆ.

ಈ ಗುರುತಿನ ವಿದ್ಯೆಯೇ ನಿಮ್ಮ ಮಗಳ ಪ್ರಶ್ನೆಗೂ ದಾರಿ ತೋರಿಸುತ್ತದೆ. ಸವನ್ನಾದ ಮಣ್ಣನ್ನು ಒಂದು ಮೀಟರ್ ಆಳದವರೆಗೆ ತೆಗೆದು ಹೀಗೆ ಪರೀಕ್ಷೆ ಮಾಡಿದಾಗ ಅರ್ಧಕ್ಕಿಂತ ಜಾಸ್ತಿ ಇಂಗಾಲ ಹುಲ್ಲಿನಿಂದ ಬಂದದ್ದು ಅಂತ ತಿಳಿದಿದೆ. ಮರದ ನೆರಳಿನಲ್ಲೂ ಹಾಗೆಯೇ! ಹುಲ್ಲಿನ ಎಲೆಯಿಂದ ಅಲ್ಲ, ಬೇರಿನಿಂದ. ಕೂದಲಿನಷ್ಟು ಸಣ್ಣ ಬೇರುಗಳು ಒಂದೆರಡು ವರ್ಷಕ್ಕೆ ಸಾಯುತ್ತವೆ, ಹೊಸವು ಹುಟ್ಟುತ್ತವೆ. ಸತ್ತದ್ದು ಅಲ್ಲೇ ಕೊಳೆತು ಜೇಡಿಕಣಗಳಿಗೆ ಅಂಟಿಕೊಳ್ಳುತ್ತದೆ. ಉರಿ ಅಲ್ಲಿಗೆ ಮುಟ್ಟುವುದೇ ಇಲ್ಲ.

ಒಂದು ಲೆಕ್ಕ ಮಾಡೋಣ. ಒಂದು ಎಕರೆಯಲ್ಲಿ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 850 ಟನ್ ತೂಗುತ್ತದೆ. ನಿಮ್ಮ ಹೊಲದ ಮಣ್ಣು ಆರೋಗ್ಯ ಕಾರ್ಡ್ ತೆಗೆದು ನೋಡಿ, 'ಸಾವಯವ ಇಂಗಾಲ' ಅಂತ ಒಂದು ಸಾಲು ಇರುತ್ತದೆ. ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಜಾಸ್ತಿ. ಕಾವಲಿನಲ್ಲಿ ಶೇ. 0.6 ಇದೆ ಅಂತ ಇಟ್ಟುಕೊಳ್ಳಿ. ಆಗ ಆ 15 ಸೆಂಟಿಮೀಟರಿನಲ್ಲೇ ಎಕರೆಗೆ 5 ಟನ್ ಇಂಗಾಲ ಆಯಿತು, ಅದರ ಕೆಳಗಿನದು ಬೇರೆ. ಮೇಲೆ ಎಕರೆಗೆ ಒಂದು ಟನ್ ಒಣಹುಲ್ಲು ನಿಂತಿದ್ದರೆ ಅದರಲ್ಲಿ ಇಂಗಾಲ ಅರ್ಧ ಟನ್ನಿಗೂ ಕಡಿಮೆ. ಬೆಂಕಿ ತಿನ್ನುವುದು ಈ ಅರ್ಧ ಟನ್ನನ್ನು. ಬೆಂಕಿ ತಿನ್ನದಿದ್ದರೆ ದನ ತಿನ್ನುತ್ತದೆ. ದನ ಬಿಟ್ಟದ್ದನ್ನು ಗೆದ್ದಲು ತಿನ್ನುತ್ತದೆ. ಹೇಗಿದ್ದರೂ ವರ್ಷ ಎರಡು ವರ್ಷದಲ್ಲಿ ಅದು ಗಾಳಿಗೆ ಹೋಗುವುದೇ. ಮುಂದಿನ ಮಳೆಗಾಲದ ಹುಲ್ಲು ಅಷ್ಟನ್ನೂ ಮತ್ತೆ ಎಳೆದುಕೊಳ್ಳುತ್ತದೆ. ಹೊಗೆಯಲ್ಲಿ ಹೋಗುವ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಮಾತ್ರ ಹುಲ್ಲಿಗೆ ವಾಪಸ್ ಬರುವುದಿಲ್ಲ. ಅದು ನಿಜವಾದ ನಷ್ಟ. ಇನ್ನೊಂದು ಸಣ್ಣ ಪಾಲು ಪೂರ್ತಿ ಉರಿಯದೆ ಇದ್ದಿಲಾಗಿ ಮಣ್ಣಿಗೆ ಸೇರಿ ನೂರಾರು ವರ್ಷ ಕರಗದೆ ಕೂರುತ್ತದೆ. ಅದು ಲಾಭದ ಕಡೆಗೆ.

ಹಾಗಾದರೆ ಮಗಳ ಮಾತು ಸುಳ್ಳಾ? ಇಲ್ಲ. ಒಂದು ಬೆಂಕಿಯ ಮಾತು ಬೇರೆ, ಅರವತ್ತು ವರ್ಷ ಬಿಡದೆ ಬಿದ್ದ ಬೆಂಕಿಯ ಮಾತು ಬೇರೆ. ಹುಲ್ಲು ಉರಿದಾಗ ಅದರಲ್ಲಿದ್ದ ಸಾರಜನಕ 200 ಡಿಗ್ರಿ ದಾಟುತ್ತಲೇ ಹೊಗೆಯಾಗಿ ಹೋಗಲು ಶುರುವಾಗುತ್ತದೆ. ರಂಜಕ ಮತ್ತು ಪೊಟ್ಯಾಷ್ ಹಾಗಲ್ಲ. ಅವು ಹಾರಬೇಕಾದರೆ 700 ಡಿಗ್ರಿಗೂ ಮೇಲೆ ಬೇಕು, ಆದ್ದರಿಂದ ಬಹುಪಾಲು ಬೂದಿಯಲ್ಲೇ ಉಳಿಯುತ್ತವೆ. ಸುಟ್ಟ ಮೇಲೆ ಬರುವ ಹುಲ್ಲು ಅಷ್ಟು ಹಸಿರಾಗಿ, ಎಳೆಯದಾಗಿ ಇರುವುದಕ್ಕೆ ಬೂದಿಯ ಗೊಬ್ಬರ ಒಂದು ಕಾರಣ. ಒಣ ಕಸ ಹೋಗಿ ಬುಡಕ್ಕೆ ಬಿಸಿಲು ಬೀಳುವುದು ಇನ್ನೂ ದೊಡ್ಡ ಕಾರಣ. ನಿಮ್ಮ ತಂದೆಯವರು ನೋಡಿರುವುದು ಇದನ್ನೇ. ಆದರೆ ಪ್ರತಿ ವರ್ಷ ಚೂರುಚೂರೇ ಸಾರಜನಕ ಹೊರಗೆ ಹೋಗುತ್ತಿದ್ದರೆ? ಅಂಗಡಿ ವ್ಯಾಪಾರ ಜೋರಾಗಿದ್ದರೂ ಗಲ್ಲಾಪೆಟ್ಟಿಗೆಯಿಂದ ದಿನಾ ಹತ್ತು ರೂಪಾಯಿ ಕಾಣೆಯಾದ ಹಾಗೆ.

ಪ್ರಪಂಚದ 48 ಕಡೆಯ ಬೆಂಕಿ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಅಧ್ಯಯನ 2018ರಲ್ಲಿ ಬಂತು. ಸವನ್ನಾ ಹುಲ್ಲುಗಾವಲು ಮತ್ತು ಅಗಲ ಎಲೆಯ ಕಾಡುಗಳಲ್ಲಿ ಪದೇಪದೇ ಸುಟ್ಟ ಜಾಗಗಳ ಮೇಲ್ಮಣ್ಣಿನಲ್ಲಿ, ಬೆಂಕಿ ತಡೆದ ಜಾಗಗಳಿಗೆ ಹೋಲಿಸಿದರೆ, 64 ವರ್ಷಗಳ ನಂತರ ಇಂಗಾಲ ಸುಮಾರು ಶೇ. 36ರಷ್ಟು, ಸಾರಜನಕ ಶೇ. 38ರಷ್ಟು ಕಡಿಮೆ ಇತ್ತು. ಮೊದಲ ಹತ್ತು ವರ್ಷ ಅಷ್ಟೇನೂ ಕಾಣುವುದಿಲ್ಲ. ಆಮೇಲೆ ಇಳಿಯುತ್ತಾ ಹೋಗುತ್ತದೆ. ತಾತ ಕೇಳಿಸಿಕೊಳ್ಳಬೇಕು ಅಂದ ಕಾಲು ಭಾಗ ಇದು.

ಇದಕ್ಕೆ ಪಕ್ಕದಲ್ಲೇ ಇನ್ನೊಂದು ಫಲಿತಾಂಶ ಇಡಬೇಕು. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ 1954ರಲ್ಲಿ ಶುರುವಾದ ಒಂದು ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಒಂದೊಂದೂ ಸುಮಾರು 7 ಹೆಕ್ಟೇರಿನ ತಾಕುಗಳು. ಕೆಲವನ್ನು ಪ್ರತಿ ವರ್ಷ ಸುಡುತ್ತಾರೆ, ಕೆಲವನ್ನು ಎರಡು ವರ್ಷಕ್ಕೆ, ಕೆಲವನ್ನು ಮೂರು ವರ್ಷಕ್ಕೆ, ಕೆಲವಕ್ಕೆ ಬೆಂಕಿ ತಾಗದಂತೆ ಕಾಯುತ್ತಾರೆ. ಅಷ್ಟು ವರ್ಷ ಬೆಂಕಿ ತಡೆದ ಮೇಲೆ ಮರ, ಹುಲ್ಲು, ಬೇರು, ಮಣ್ಣು ಎಲ್ಲ ಸೇರಿಸಿ ಇಂಗಾಲ ಎಷ್ಟು ಹೆಚ್ಚಿದೆ ಅಂತ 2022ರಲ್ಲಿ ಲೆಕ್ಕ ಹಾಕಿದರು. ನೆಲದೊಳಗಿನ ದಪ್ಪ ಬೇರುಗಳನ್ನು ಅಗೆಯದೆ ರಡಾರ್ ಹಾಯಿಸಿ ಅಳೆದರು. ಮರಗಳೇನೋ ಬೆಳೆದಿದ್ದವು. ಆದರೆ ಒಟ್ಟು ಇಂಗಾಲ ಹೆಚ್ಚಿದ್ದು ಸುಮಾರು ಶೇ. 35ರಷ್ಟು ಮಾತ್ರ. ಅರವತ್ತಕ್ಕೂ ಹೆಚ್ಚು ವರ್ಷ ಕಾದದ್ದಕ್ಕೆ ಇಷ್ಟು. ಮಣ್ಣಿನ ಪಾಲು ಹೆಚ್ಚೇನೂ ಬದಲಾಗಿರಲಿಲ್ಲ. ಮರ ದಟ್ಟವಾದಂತೆ ಕೆಳಗಿನ ಹುಲ್ಲು ಕಡಿಮೆಯಾಗುತ್ತದೆ. ಹುಲ್ಲಿನ ಬೇರು ಮಣ್ಣಿಗೆ ಕೊಡುತ್ತಿದ್ದದ್ದೂ ನಿಲ್ಲುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಎರಡು ಅಧ್ಯಯನಗಳು ಜಗಳ ಆಡುತ್ತಿವೆ ಅನ್ನಿಸುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಒಂದು ಮೇಲಿನ ಪದರದ ಮಾತಾಡುತ್ತಿದೆ, ಇನ್ನೊಂದು ಇಡೀ ನೆಲದ್ದು. ಮಣ್ಣಿನ ಜಾತಿ, ಮಳೆ, ಹುಲ್ಲಿನ ಜಾತಿ ಎಲ್ಲವೂ ಫಲಿತಾಂಶವನ್ನು ಆಡಿಸುತ್ತವೆ. ಅಮೆರಿಕದ ಕಾನ್ಸಾಸಿನ ಕೊಂಜಾ ಹುಲ್ಲುಗಾವಲಿನಲ್ಲಿ ಸುಟ್ಟ ಕಡೆ ಹುಲ್ಲಿನ ಬೇರು ಜಾಸ್ತಿಯಾದದ್ದೂ ಇದೆ. ಬಿಸಿಲು ಸಿಕ್ಕಿದ್ದಕ್ಕೆ ಎಲೆ ಬೆಳೆಯಿತು, ಸಾರಜನಕ ಸಾಲದ್ದಕ್ಕೆ ಬೇರು ದೂರ ಹುಡುಕಿಕೊಂಡು ಹೋಯಿತು. ಎರೆಮಣ್ಣಾದರೆ ಜೇಡಿ ಇಂಗಾಲವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಜ್ಜಂಪುರದ ಕಡೆಯ ಕಾವಲಿಗೆ ಆ ಭಾಗ್ಯ ಇದೆ. ಗರಸು ಮಿಶ್ರಿತ ಕೆಮ್ಮಣ್ಣಿಗೆ ಅಷ್ಟು ಹಿಡಿತ ಇಲ್ಲ.

ಮಳೆಯ ಮಾತು ಬಂತು. 2005ರಲ್ಲಿ ಪರಿಸರ ವಿಜ್ಞಾನಿ ಮಹೇಶ್ ಶಂಕರನ್ ಮತ್ತು ಜೊತೆಗಾರರು ಆಫ್ರಿಕಾದ 854 ಜಾಗಗಳ ಲೆಕ್ಕ ನೋಡಿ ಒಂದು ಗೆರೆ ಎಳೆದರು. ವರ್ಷಕ್ಕೆ ಸುಮಾರು 650 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವಲ್ಲಿ ಮರ ದಟ್ಟವಾಗದಂತೆ ತಡೆಯುವುದು ನೀರಿನ ಕೊರತೆಯೇ. ಅದಕ್ಕಿಂತ ಜಾಸ್ತಿ ಮಳೆ ಇರುವಲ್ಲಿ ಬೆಂಕಿ, ಮೇಯುವ ಪ್ರಾಣಿ ಇಲ್ಲದಿದ್ದರೆ ಮರ ಕವಿದು ಕಾಡಾಗುತ್ತದೆ. ಕಡೂರಿನ ಮಳೆ ಈ ಗೆರೆಯ ಆಸುಪಾಸಿನಲ್ಲೇ ಇದೆ. ಆಫ್ರಿಕಾದ ಗೆರೆ ನಮಗೆ ಕೂದಲೆಳೆಯಷ್ಟು ಸರಿಹೊಂದಬೇಕು ಅಂತೇನಿಲ್ಲ. ಆದರೂ, ಬೆಂಕಿ ನಿಲ್ಲಿಸಿದ ಮಾತ್ರಕ್ಕೆ ನಿಮ್ಮ ಕಾವಲು ಕೊಪ್ಪ, ಶೃಂಗೇರಿಯ ಹಾಗೆ ಕಾಡಾಗಿಬಿಡುತ್ತದೆ ಅನ್ನುವ ಆಸೆಯೂ ಬೇಡ, ಭಯವೂ ಬೇಡ.

ಗಿರಿ ಕಡೆಯದ್ದು ಬೇರೆಯೇ ಲೆಕ್ಕ, ನಿಮ್ಮ ಪ್ರಶ್ನೆ ಅದಲ್ಲ, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಹುಲ್ಲಿನ ಇಳಿಜಾರುಗಳ ಮಡಿಲಿನಲ್ಲಿ ಶೋಲಾ ಕಾಡು ಇದೆ. ಶೋಲಾ ಮರಗಳಿಗೆ ಮತ್ತಿ, ಕವಲು ಮರಗಳಂತೆ ದಪ್ಪ ತೊಗಟೆ ಇಲ್ಲ, ಉರಿ ತಾಗಿದರೆ ಸಾಯುತ್ತವೆ. ಕಡಿದಾದ ಇಳಿಜಾರಿನಲ್ಲಿ ಸುಟ್ಟ ಮಣ್ಣು ಮೊದಲ ಜೋರು ಮಳೆಗೆ ಹಳ್ಳ ಸೇರುತ್ತದೆ. ಪ್ರವಾಸಿಗಳು ಎಸೆದ ಸಿಗರೇಟಿನ ಬೆಂಕಿಯನ್ನು ನಾನು ಯಾವ ವಿಜ್ಞಾನದ ಹೆಸರಿನಲ್ಲೂ ಸಮರ್ಥಿಸುವುದಿಲ್ಲ.

ನಿಮ್ಮ ಕಾವಲಿನ ಬೇರಿಗೆ ಬೆಂಕಿಗಿಂತ ದೊಡ್ಡ ಏಟು ಬೀಳುವುದು ಬೆಂಕಿ ಆರಿ ಮೊದಲ ಮಳೆ ಬಿದ್ದ ಮೇಲೆ. ಅಶ್ವಿನಿ ಮಳೆಯೋ ಭರಣಿ ಮಳೆಯೋ ಒಂದು ಹದ ಬಿದ್ದ ತಕ್ಷಣ ಹಸಿರು ಕಡ್ಡಿ ಏಳುತ್ತದೆ. ಆ ಮೊದಲ ಚಿಗುರು ಬಿಸಿಲಿನಲ್ಲಿ ದುಡಿದು ಬಂದದ್ದಲ್ಲ. ಬುಡದಲ್ಲಿ, ಬೇರಿನಲ್ಲಿ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ ತಂದದ್ದು. ಅದು ಎಲೆಯಾಗಿ, ಎಲೆ ದುಡಿದು ಬೇರಿಗೆ ವಾಪಸ್ ಕೊಡಬೇಕು. ಅಷ್ಟರೊಳಗೆ ಕುರಿ ಬಿಟ್ಟರೆ ಏನಾಯಿತು? ಬಿತ್ತನೆಗೆ ಇಟ್ಟ ರಾಗಿಯನ್ನೇ ಬೀಸಿ ಮುದ್ದೆ ಮಾಡಿದ ಹಾಗಾಯಿತು. ಹುಲ್ಲು ಮತ್ತೆ ಕೂಡಿಟ್ಟದ್ದನ್ನು ತೆಗೆದು ಇನ್ನೊಂದು ಚಿಗುರು ಕಳಿಸುತ್ತದೆ. ಅದನ್ನೂ ಕುರಿ ಕಚ್ಚುತ್ತದೆ. ಬೇರು ಒಳಗೊಳಗೇ ಚಿಕ್ಕದಾಗುತ್ತದೆ. ಎರಡು ಮೂರು ವರ್ಷ ಹೀಗಾದರೆ ಒಳ್ಳೆ ಹುಲ್ಲು ಹೋಗಿ ಆ ಜಾಗಕ್ಕೆ ಕಾಂಗ್ರೆಸ್ ಗಿಡ, ತಂಗಡಿ ಬರುತ್ತವೆ. ಆಗ ಎಲ್ಲರೂ ಬೈಯುವುದು ಬೆಂಕಿಯನ್ನು.

ಹಳಬರಿಗೆ ಇದು ಗೊತ್ತಿತ್ತು. ಮೈಸೂರು ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಅಂತ ಇದ್ದದ್ದನ್ನು ಟಿಪ್ಪು 'ಅಮೃತ ಮಹಲ್' ಅಂತ ಕರೆದ. ಆ ದನಗಳಿಗೆ ಅಂತ ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗದ ಉದ್ದಕ್ಕೂ ಬಿಟ್ಟ ಕಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಮಾಡಿದ್ದರು. ಒಂದು ಕಡೆ ದನ ಮೇಯುವಾಗ ಇನ್ನೊಂದು ಕಡೆಯ ಬೇರಿಗೆ ರಜೆ. ನಾವೀಗ ಆ ಕಾವಲುಗಳನ್ನು ತುಂಡು ತುಂಡು ಮಾಡಿ, ಉಳಿದ ಒಂದೇ ತುಂಡಿನಲ್ಲಿ ವರ್ಷ ಪೂರ್ತಿ ಮೇಯಿಸುತ್ತಿದ್ದೇವೆ.

ದನದ ಬಾಯಿಗೂ ಬೆಂಕಿಗೂ ಎಷ್ಟು ಹತ್ತಿರದ ಸಂಬಂಧ ಅನ್ನುವುದಕ್ಕೆ ತಾಂಜಾನಿಯಾದ ಸೆರೆಂಗೆಟಿಯ ಒಂದು ಕಥೆ ಇದೆ. ದೊಡ್ಡ ರೋಗ ಗೊತ್ತಲ್ಲ, ನಮ್ಮ ಅಜ್ಜಂದಿರ ಕಾಲದಲ್ಲಿ ಕೊಟ್ಟಿಗೆ ಖಾಲಿ ಮಾಡುತ್ತಿದ್ದ ರೋಗ. ಅದೇ ರೋಗ ಅಲ್ಲಿನ ವಿಲ್ಡೆಬೀಸ್ಟ್ ಅನ್ನುವ ಕಾಡುಪ್ರಾಣಿಯನ್ನೂ ಕಾಡುತ್ತಿತ್ತು. ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ 1960ರ ದಶಕದಿಂದ ಅವುಗಳ ಸಂಖ್ಯೆ ಏರಿ ಹತ್ತು ಲಕ್ಷ ದಾಟಿತು. ಅಷ್ಟು ಬಾಯಿ ಹುಲ್ಲು ಮೇಯ್ದ ಮೇಲೆ ಉರಿಯಲು ಹುಲ್ಲೇ ಉಳಿಯಲಿಲ್ಲ. ಬೆಂಕಿ ಕಡಿಮೆಯಾಯಿತು, ಮರಗಳು ಎದ್ದವು, ಇಂಗಾಲ ಕಳೆದುಕೊಳ್ಳುತ್ತಿದ್ದ ನೆಲ ಕೂಡಿಡುವ ನೆಲವಾಯಿತು. ದೊಡ್ಡ ರೋಗ 2011ರಲ್ಲಿ ಪ್ರಪಂಚದಿಂದಲೇ ಹೋಯಿತು. ಸೆರೆಂಗೆಟಿಯ ಇಂಗಾಲಕ್ಕೂ ದನದ ಡಾಕ್ಟರಿಗೂ ಸಂಬಂಧ ಇರುತ್ತದೆ ಅಂತ ಯಾರು ಅಂದುಕೊಂಡಿದ್ದರು?

ಯಾವಾಗ ಸುಡುತ್ತದೆ ಅನ್ನುವುದೂ ಮುಖ್ಯ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ 'ತರಗು ಬೆಂಕಿ' ಅಂತ ಇತ್ತು. ಬೇಸಿಗೆ ಬಲಿಯುವ ಮುಂಚೆ, ನೆಲದಲ್ಲಿ ಇನ್ನೂ ತಂಪು ಇರುವಾಗ, ತರಗೆಲೆಗೆ ಸಣ್ಣ ಬೆಂಕಿ ಹಾಯಿಸುವುದು. ಅಲ್ಲಿ 1974ರಲ್ಲಿ ವನ್ಯಧಾಮವಾಯಿತು, ಬೆಂಕಿ ನಿಂತಿತು. ಲಂಟಾನ ಕಾಡು ತುಂಬಿತು, ನೆಲ್ಲಿ ಮರಕ್ಕೆ ಬಂದಳಿಕೆ ಹತ್ತಿತು, ತರಗು ಬೆಂಕಿ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ ಅಂತಾರೆ ಸೋಲಿಗರು. ಆಸ್ಟ್ರೇಲಿಯಾದ ಉತ್ತರ ಭಾಗದ ಆರ್ನೆಮ್ ಲ್ಯಾಂಡಿನಲ್ಲಿ 2006ರಿಂದ ಮೂಲನಿವಾಸಿಗಳು ತಮ್ಮ ಹಳೇ ಪದ್ಧತಿಯಂತೆ ಬೇಸಿಗೆಯ ಆರಂಭದಲ್ಲೇ ಅಲ್ಲಲ್ಲಿ ಸುಟ್ಟು, ಕೊನೆಯ ದೊಡ್ಡ ಬೆಂಕಿಗೆ ಮೇವಿಲ್ಲದಂತೆ ಮಾಡುತ್ತಾರೆ. ಸುಮಾರು 28,000 ಚದರ ಕಿಲೋಮೀಟರ್. ಮೀಥೇನ್, ನೈಟ್ರಸ್ ಆಕ್ಸೈಡ್ ಕಡಿಮೆ ಮಾಡಿದ್ದಕ್ಕೆ ಅವರಿಗೆ ಹಣವೂ ಬರುತ್ತದೆ. ಕಾರ್ಬನ್ ದುಡ್ಡು ಅನ್ನುವುದು ಬೆಂಕಿ ಹಚ್ಚಿದ್ದಕ್ಕೂ ಬರುತ್ತದೆ ಅಂತ ನಿಮ್ಮೂರಿಗೆ ಬಂದವರಿಗೆ ಹೇಳಿ, ಮುಖ ನೋಡಿ!

ಈಗ ಅವರ ವಿಷಯ. ಬೆಂಕಿ ನಿಲ್ಲಿಸಿ ಗಿಡ ನೆಡುವುದು ಅಂದರೆ ಸಾಮಾನ್ಯವಾಗಿ ಮೊದಲು ಬರುವುದು ಜೆಸಿಬಿ. ಟ್ರೆಂಚು ಹೊಡೆಯುತ್ತಾರೆ, ಗುಂಡಿ ತೆಗೆಯುತ್ತಾರೆ. ಹುಲ್ಲಿನ ಬುಡ ಕಿತ್ತು, ಬೇರಿನ ಜಾಲ ಹರಿದು, ಒಳಗಿನ ಮಣ್ಣು ಗಾಳಿ ಬಿಸಿಲಿಗೆ ಬೀಳುತ್ತದೆ. ಅಲ್ಲಿಯವರೆಗೆ ಜೇಡಿಯಲ್ಲಿ ಬಚ್ಚಿಟ್ಟುಕೊಂಡಿದ್ದ ಇಂಗಾಲ ಸೂಕ್ಷ್ಮಜೀವಿಗಳ ಬಾಯಿಗೆ ಸಿಗುತ್ತದೆ. ಹುಲ್ಲುಗಾವಲನ್ನು ಉತ್ತು ಹೊಲ ಮಾಡಿದ ಕಡೆಗಳಲ್ಲಿ ಮೇಲ್ಮಣ್ಣಿನ ಇಂಗಾಲ ಕೆಲವು ದಶಕಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಹೋದದ್ದು ಸಾಮಾನ್ಯ. ಬೆಂಕಿ ಅರವತ್ತು ವರ್ಷ ಕಷ್ಟಪಟ್ಟು ಮಾಡುವ ಕೆಲಸವನ್ನು ನೇಗಿಲು ಅದಕ್ಕಿಂತ ಬೇಗ ಮುಗಿಸುತ್ತದೆ. ಸೆರಾಡೋದಲ್ಲಿ ಬೆಂಕಿ ನಿಲ್ಲಿಸಿ ಮರ ಕವಿದ ಕಡೆ ಇಂಗಾಲವೇನೋ ಹೆಚ್ಚಿತು. ಆದರೆ ಗಿಡಜಾತಿಗಳು ಶೇ. 27, ಇರುವೆ ಜಾತಿಗಳು ಶೇ. 35 ಕಡಿಮೆಯಾದವು. ನಿಮ್ಮ ತಾಲ್ಲೂಕಿನ ಬಾಸೂರು ಕಾವಲನ್ನು ಕೃಷ್ಣಮೃಗಗಳಿಗೋಸ್ಕರವೇ ಮೀಸಲಿಟ್ಟಿದ್ದಾರೆ. ಅವು ಓಡಲು ಬಯಲು ಬೇಕು, ನೀಲಗಿರಿ ತೋಪು ಅಲ್ಲ. ಕಾಗದಕ್ಕೆ ಸಹಿ ಹಾಕುವ ಮುಂಚೆ "ಮಣ್ಣಿನ ಇಂಗಾಲವನ್ನು ಎಷ್ಟು ಆಳದವರೆಗೆ ಅಳೆಯುತ್ತೀರಿ, ಗುಂಡಿ ತೆಗೆದಾಗ ಹೋಗುವುದನ್ನು ಕಳೆಯುತ್ತೀರಾ?" ಅಂತ ಎರಡೇ ಪ್ರಶ್ನೆ ಕೇಳಿ.

ಹಾಗಂತ ನಾನು ಬೆಂಕಿ ಹಚ್ಚಿ ಅನ್ನುತ್ತಿಲ್ಲ. ಕಾವಲಿಗೆ, ಕಾಡಿಗೆ ನೀವಾಗಿ ಬೆಂಕಿ ಇಡುವುದು ಅಪರಾಧ, ಗಾಳಿ ತಿರುಗಿದರೆ ನಿಮ್ಮದೇ ಹುಲ್ಲಿನ ಬಣವೆ ಹೋಗುತ್ತದೆ. ಮೇಣದ ಪ್ರಯೋಗವನ್ನೂ ಅಲ್ಲಿ ಮಾಡಬೇಡಿ. ಪ್ರತಿ ವರ್ಷ ಬೀಳುತ್ತಿರುವ ಬೆಂಕಿ ಜಾಸ್ತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಮೂರು ನಾಲ್ಕು ವರ್ಷಕ್ಕೊಮ್ಮೆ, ತುಂಡು ತುಂಡಾಗಿ ಬಿದ್ದರೆ ಆ ನೆಲ ತಡೆದುಕೊಳ್ಳುತ್ತದೆ. ಇಲಾಖೆಯವರು ಬೇಸಿಗೆಗೆ ಮುಂಚೆ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ) ಮಾಡುವಾಗ ಊರಿನವರು ಜೊತೆಗೆ ನಿಂತರೆ ಒಂದೇ ದಿನಕ್ಕೆ ಇಡೀ ಕಾವಲು ಹೋಗುವುದು ತಪ್ಪುತ್ತದೆ. ಒಣ ಬೊಡ್ಡೆ, ಕಡಿದ ಬಳ್ಳಾರಿ ಜಾಲಿಯ ರಾಶಿ ಬಿದ್ದಿದ್ದರೆ ಸೌದೆಗೆ ಸಾಗಿಸಿಬಿಡಿ. ಬೇರನ್ನು ನಿಜವಾಗಿ ಕೊಲ್ಲುವುದು ಅವು. ಸುಟ್ಟ ಭಾಗಕ್ಕೆ ಹುಲ್ಲು ಗೇಣುದ್ದ ಆಗುವವರೆಗೆ ಕುರಿ ಬಿಡಬೇಡಿ. ಇದು ಎಲ್ಲಕ್ಕಿಂತ ಕಷ್ಟದ ಮಾತು ಅಂತ ನನಗೂ ಗೊತ್ತು. ಏಪ್ರಿಲಿನಲ್ಲಿ ಬೇರೆ ಕಡೆ ಮೇವು ಎಲ್ಲಿದೆ? ಊರಿನವರೆಲ್ಲ ಕೂತು ಕಾವಲಿನ ಅರ್ಧವನ್ನಾದರೂ ಸರದಿಯಲ್ಲಿ ಬಿಡಿ.

ಮಗಳಿಗೆ ಒಂದು ಕೆಲಸ ಕೊಡಿ. ಸುಟ್ಟ ಜಾಗದಲ್ಲಿ ಒಂದು, ಸುಡದ ಜಾಗದಲ್ಲಿ ಒಂದು ಹುಲ್ಲಿನ ಬುಡವನ್ನು ಮಣ್ಣಿನ ಸಮೇತ ಗೇಣು ಆಳ ಅಗೆದು ತರಲಿ, ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ಮಣ್ಣು ಬಿಡಿಸಲಿ. ಬಿಳೀ ಬೇರು ಜೀವಂತ, ಮುಟ್ಟಿದರೆ ಮುರಿಯುವ ಕಂದು ಬೇರು ಸತ್ತದ್ದು. ಎರಡನ್ನೂ ತಾತನ ಮುಂದೆ ಪೇಪರಿನ ಮೇಲೆ ಹರಡಲಿ.

ಬೂದಿಯ ಪ್ರಶ್ನೆ. ತರಬೇಡಿ. ಹುಲ್ಲಿನ ಬೂದಿ ಎಕರೆಗೆ ಹರಡಿ ಬಿದ್ದಿರುವುದೇ ಸ್ವಲ್ಪ, ಗೋರಲು ಹೋದರೆ ಬೂದಿಗಿಂತ ಮೇಲ್ಮಣ್ಣೇ ಜಾಸ್ತಿ ಬರುತ್ತದೆ. ಅದರಲ್ಲಿರುವ ಪೊಟ್ಯಾಷ್, ರಂಜಕ ಆ ಹುಲ್ಲಿನ ಮುಂದಿನ ವರ್ಷದ ಊಟ. ಮನೆಯಲ್ಲಿ ಬಚ್ಚಲ ಒಲೆಯ ಬೂದಿ ಇರುತ್ತದಲ್ಲ, ತೆಂಗಿಗೆ ಅದನ್ನೇ ಹಾಕಿ, ಬುಡಕ್ಕೆ ಸುರಿಯದೆ ಸುತ್ತ ಪಾತಿಗೆ ಎರಚಿ.